ಸುಹಾ ನಿಮಗೆ ಕಾಣಿಸುತ್ತದೆಯೇ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಿಮ್ಮ ಮುಂದೆ ಒಂದು ಪುಟ್ಟ ನಕ್ಷತ್ರದ ವಿಷಯವನ್ನು ಇಡಲು ಬಯಸುತ್ತೇನೆ. ಅದನ್ನು ನೋಡಲು ದೂರದರ್ಶಕ ಬೇಡ, ಹಣವೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ, ನಮ್ಮ ಕೊಡಗಿಗೆ ಮಳೆ ಹಿಡಿಯುವ ಮೊದಲು, ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಆನೆಗಳು ಓಡಾಡುವ ತೋಟದೊಳಗೆ ಹೋಗಬೇಡಿ, ಮನೆಯ ಅಂಗಳವೇ ಸಾಕು. ಏಳು ನಕ್ಷತ್ರಗಳ ಸಪ್ತರ್ಷಿ ಮಂಡಲ ಕಾಣುತ್ತದೆ. ನಾಲ್ಕು ಸೇರಿ ಒಂದು ಚೌಕ, ಉಳಿದ ಮೂರು ಅದರ ಬಾಲ. ಬಾಲದ ನಡುವಿನ ನಕ್ಷತ್ರವನ್ನು ಗಮನವಿಟ್ಟು ನೋಡಿ. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಮಂದವಾದ ನಕ್ಷತ್ರವಿದೆ.

ದೊಡ್ಡದು ವಸಿಷ್ಠ, ಚಿಕ್ಕದು ಅರುಂಧತಿ. ನಮ್ಮ ಹಿಂದೂ ನೆರೆಹೊರೆಯವರ ಮದುವೆಗಳಲ್ಲಿ ವಧೂವರರಿಗೆ ತೋರಿಸುವುದು ಇದನ್ನೇ. ಅರಬರು ದೊಡ್ಡದನ್ನು ಮಿಝಾರ್ ಎಂದೂ ಚಿಕ್ಕದನ್ನು ಸುಹಾ ಎಂದೂ ಕರೆದರು. ಜನರು ತಮ್ಮ ದೃಷ್ಟಿಯನ್ನು ಸುಹಾದಿಂದ ಪರೀಕ್ಷಿಸಿಕೊಳ್ಳುತ್ತಿದ್ದರೆಂದು 13ನೇ ಶತಮಾನದ ವಿದ್ವಾಂಸ ಅಲ್ ಕಝ್ವೀನಿ ಬರೆದಿದ್ದಾರೆ. ಈ ಏಳು ನಕ್ಷತ್ರಗಳಿಗೆ ಉರ್ದುವಿನಲ್ಲಿ ಬನಾತುನ್ನಅಶ್ ಎಂಬ ಹೆಸರಿದೆ. ಡೆಪ್ಯುಟಿ ನಝೀರ್ ಅಹ್ಮದ್ ಅವರು 1870ರ ದಶಕದಲ್ಲಿ ಹೆಣ್ಣುಮಕ್ಕಳ ಶಿಕ್ಷಣವನ್ನು ಕುರಿತು ಬರೆದ ಕಾದಂಬರಿಗೂ ಇದೇ ಹೆಸರು.

ಕಣ್ಣಿಗೆ ಎರಡಾಗಿ ಕಾಣುವುದು ನಿಜವಾಗಿ ಎಷ್ಟು? 1617ರಲ್ಲಿ ಇಟಲಿಯ ಕ್ಯಾಸ್ಟೆಲಿ ಮತ್ತು ಅವರ ಗುರು ಗೆಲಿಲಿಯೊ ದೂರದರ್ಶಕದಲ್ಲಿ ನೋಡಿದಾಗ ಮಿಝಾರ್ ಒಂದೇ ಎರಡಾಗಿ ಕಂಡಿತು. 1889ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಪಿಕರಿಂಗ್ ಆ ಎರಡರಲ್ಲಿ ಒಂದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಪರೀಕ್ಷಿಸಿದರು. ಅದರೊಳಗಿನ ಗೆರೆಗಳು ಆಗಾಗ ಇಬ್ಭಾಗವಾಗಿ ಮತ್ತೆ ಕೂಡುತ್ತಿದ್ದವು. ಒಂದು ನಕ್ಷತ್ರ ನಮ್ಮತ್ತ ಬರುವಾಗ ಇನ್ನೊಂದು ದೂರ ಸರಿಯುವುದೇ ಇದಕ್ಕೆ ಕಾರಣ. ಹೀಗೆ ಅಲ್ಲಿಯೂ ಎರಡು ನಕ್ಷತ್ರಗಳು. ಸುಮಾರು ಇಪ್ಪತ್ತೂವರೆ ದಿನಕ್ಕೊಮ್ಮೆ ಪರಸ್ಪರ ಸುತ್ತು ಹಾಕುತ್ತವೆ. ಮುಂದೆ ಎರಡನೆಯದೂ ಜೋಡಿಯೆಂದು ತಿಳಿಯಿತು. 2009ರಲ್ಲಿ ಸುಹಾದ ಬಳಿಯೂ ಒಂದು ಮಸುಕಾದ ಕೆಂಪು ಸಂಗಾತಿ ಪತ್ತೆಯಾಯಿತು. ಒಟ್ಟು ಆರು! ಇವೆಲ್ಲ ಗುರುತ್ವಾಕರ್ಷಣೆಯಿಂದ ಬೆಸೆದ ಒಂದೇ ಕುಟುಂಬವಾಗಿರುವ ಸಾಧ್ಯತೆ ಹೆಚ್ಚು. ಇವು ನಮ್ಮಿಂದ 80 ಜ್ಯೋತಿರ್ವರ್ಷಕ್ಕಿಂತ ತುಸು ಹೆಚ್ಚು ದೂರದಲ್ಲಿವೆ. ಅಂದರೆ ಈಗ ನಮ್ಮ ಕಣ್ಣಿಗೆ ತಲುಪುವ ಬೆಳಕು ಅಲ್ಲಿಂದ ಹೊರಟದ್ದು ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲು, ಕೊಡಗು ಪ್ರತ್ಯೇಕ ಪ್ರಾಂತ್ಯವಾಗಿದ್ದ ಕಾಲದಲ್ಲಿ.

ಇನ್ನು ಪೋಷಕರಿಗೆ ಒಂದು ಮಾತು. ಮಿಝಾರ್ ಮತ್ತು ಸುಹಾ ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲದ ಅರ್ಧಕ್ಕಿಂತ ಕಡಿಮೆ. ಮಂಜು, ಮೋಡ, ಬೆಳದಿಂಗಳು ಇಲ್ಲದ ರಾತ್ರಿ ಆರೋಗ್ಯವಂತ ಕಣ್ಣಿಗೆ ಇದು ಕಷ್ಟವಲ್ಲ. ಮನೆಯವರಿಗೆಲ್ಲ ಎರಡು ಕಂಡು, ಒಂದು ಮಗುವಿಗೆ ಮಾತ್ರ ಒಂದೇ ಕಂಡರೆ ಗದರಬೇಡಿ, ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಎರಡೂ ಕಂಡಿತೆಂದು ವೈದ್ಯರ ತಪಾಸಣೆಯನ್ನು ಬಿಡಲೂಬೇಡಿ. ಹಿಂದಿನ ಬೆಂಚಿನಲ್ಲಿ ಕುಳಿತು ಕರಿಹಲಗೆಯ ಅಕ್ಷರ ಕಾಣದ ಮಗು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಹಾಗೆಯೇ ಕಾಣುತ್ತದೆ ಎಂದುಕೊಂಡಿರುತ್ತದೆ. ನಾವು ಅದನ್ನು ದಡ್ಡ ಎನ್ನುತ್ತೇವೆ. ಹೆಣ್ಣುಮಗುವಾದರೆ, ಕನ್ನಡಕ ಹಾಕಿದರೆ ಮದುವೆಗೆ ತೊಂದರೆ ಎಂದು ಸುಮ್ಮನಾಗುವವರೂ ಇದ್ದಾರೆ. ಒಂದು ಕನ್ನಡಕದಿಂದ ಉಳಿಯಬಹುದಾದ ಓದು ಹಾಗೆ ನಿಂತುಹೋಗಬಾರದು.

ಆದ್ದರಿಂದ ಸಂಘದವರಲ್ಲಿ ನನ್ನ ವಿನಂತಿ: ಪ್ರತಿ ವರ್ಷ ಶಾಲೆ ಆರಂಭವಾಗುವ ಹೊತ್ತಿಗೆ ಮಕ್ಕಳಿಗೆ ಕಣ್ಣಿನ ತಪಾಸಣಾ ಶಿಬಿರ ನಡೆಸೋಣ, ಅಗತ್ಯವಿದ್ದವರಿಗೆ ಕನ್ನಡಕ ಕೊಡಿಸೋಣ. ವಿದ್ಯಾರ್ಥಿಗಳೇ, ನೀವು ಈ ಬೇಸಿಗೆಯಲ್ಲಿ ತಮ್ಮ ತಂಗಿಯರನ್ನು ಅಂಗಳಕ್ಕೆ ಕರೆದು ಸುಹಾ ತೋರಿಸಿ. ಎಷ್ಟು ಕಂಡಿತು ಎಂದು ಕೇಳಿ, ಅವರು ಹೇಳುವ ಉತ್ತರವನ್ನು ತಂದೆತಾಯಿಗೆ ತಿಳಿಸಿ.