ಬಯಲುನಾಡಿನಲ್ಲಿ ಕಡಲಮೀನು: ಅಂಗಡಿಯೋ, ಆನ್‌ಲೈನೋ?



ಬೈಲಹೊಂಗಲಕ್ಕೂ ಕಡಲಿಗೂ ಏನು ನಂಟು ಎಂದು ನೀವು ಕೇಳಿದರೆ ಅದು ಸಹಜವೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಮಲಪ್ರಭೆ ಕೂಡ ಹತ್ತಿರದ ಪಡುವಣ ಕಡಲಿಗೆ ಬೆನ್ನು ಮಾಡಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟೆಯಲ್ಲಿ ತುಸು ನಿಂತು, ರಾಮದುರ್ಗದ ಮಗ್ಗುಲಲ್ಲಿ ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಮೂಡಣಕ್ಕೇ ಹೋಗುತ್ತಾಳೆ. ಆದರೂ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿಯಿಟ್ಟು ಕಡಲಿನ ಮೀನು ಸಾಕಬೇಕೆಂಬ ಆಸೆ ನಮ್ಮ ಭಾಗದ ಹುಡುಗರಿಗೂ ಹುಟ್ಟುತ್ತದೆ. ಕಿತ್ತಳೆ ಮೈಗೆ ಬಿಳಿಪಟ್ಟೆ ಹೊದ್ದ ಕ್ಲೌನ್ ಮೀನನ್ನು 2003ರಲ್ಲಿ ಬಂದ ‘ಫೈಂಡಿಂಗ್ ನೀಮೊ’ ಚಿತ್ರ ಮಕ್ಕಳಿಗೆಲ್ಲ ಪರಿಚಯಿಸಿತು. ಈಗ ಮೊಬೈಲ್ ತೆರೆದರೆ ಸಾಕು, ಅದೇ ಮೀನು ಬೆಲೆಯ ಸಮೇತ ಕಣ್ಣೆದುರು ಬಂದು ನಿಲ್ಲುತ್ತದೆ. ಅಲ್ಲಿ ಬೆರಳೊತ್ತಿ ತರಿಸುವುದೋ, ಬಸ್ಸು ಹತ್ತಿ ಅಂಗಡಿಗೆ ಹೋಗಿ ತರುವುದೋ? ಇಂದು ಈ ಪ್ರಶ್ನೆಯನ್ನೇ ಸ್ವಲ್ಪ ವಿಚಾರ ಮಾಡೋಣ.

ಮೊದಲು ನಮ್ಮ ಊರುಗಳ ಸ್ಥಿತಿ ನೋಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರಲ್ಲಿ ಒಂದು ಊರಿಗೂ ರೈಲು ನಿಲ್ದಾಣವಿಲ್ಲ. ಇಂಥ ಊರುಗಳಲ್ಲಿ ಬಣ್ಣದ ಮೀನು ಮಾರುವವರಿದ್ದರೂ ಅವರ ಬಳಿ ಸಿಗುವುದು ಸಾಮಾನ್ಯವಾಗಿ ಗೋಲ್ಡ್ ಫಿಶ್, ಗಪ್ಪಿ, ಫೈಟರ್, ಏಂಜೆಲ್, ಅಂದರೆ ಸಿಹಿನೀರಿನ ಮೀನುಗಳು. ಉಪ್ಪುನೀರಿನ ಮೀನು ಬೇಕೆಂದವರು ಬೆಳಗಾವಿಯಲ್ಲೋ ಹುಬ್ಬಳ್ಳಿ-ಧಾರವಾಡದಲ್ಲೋ ವಿಚಾರಿಸಬೇಕು. ಹೆದ್ದಾರಿಯ ಮೇಲಿರುವ ಕಿತ್ತೂರಿನವರಿಗೆ ಇದು ಅಷ್ಟು ಕಷ್ಟವಲ್ಲ. ರಾಮದುರ್ಗದವರಿಗೆ ಹೋಗಿಬರುವುದೇ ಒಂದು ದಿನದ ಕೆಲಸ. ಆದ್ದರಿಂದ ‘ಊರಿನ ಅಂಗಡಿ’ ಎಂದು ನಾನು ಹೇಳುವಾಗ ಬೆಳಗಾವಿ, ಹುಬ್ಬಳ್ಳಿಯ ಅಂಗಡಿಯೆಂದೇ ತಿಳಿಯಿರಿ. ಹೋಗಿ, ಎದುರು ನಿಂತು ಮಾತಾಡಬಹುದಾದ ಅಂಗಡಿ, ಅಷ್ಟೇ.

ಜೀವವಿಲ್ಲದ ಸಾಮಾನಿನ ವಿಷಯ ಬೇಗ ಮುಗಿಯುತ್ತದೆ. ತೊಟ್ಟಿಯ ದೀಪ, ನೀರು ತಿರುಗಿಸುವ ಪಂಪು, ಉಪ್ಪಿನಂಶ ಅಳೆಯುವ ಉಪಕರಣ, ಅಮೋನಿಯಾ ಪರೀಕ್ಷೆಯ ಕಿಟ್ಟು, ಕಡಲ ಉಪ್ಪಿನ ಚೀಲ, ಇವು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಿ. ಪೆಟ್ಟಿಗೆಯಲ್ಲಿ ಎಂಟು ದಿನ ಬಿದ್ದಿದ್ದರೂ ಅವಕ್ಕೇನೂ ಆಗದು. ಬೇಕಾದದ್ದು ಹತ್ತಿರದ ಅಂಗಡಿಯಲ್ಲಿ ಇಲ್ಲದಿದ್ದರೆ ದೂರದಿಂದ ತರಿಸುವುದರಲ್ಲಿ ತಪ್ಪೂ ಇಲ್ಲ. ಗಾಜಿನ ತೊಟ್ಟಿಯನ್ನು ಮಾತ್ರ ಹತ್ತಿರದಲ್ಲೇ ಮಾಡಿಸಿರಿ. ನೂರು ಲೀಟರಿಗಿಂತ ಚಿಕ್ಕದು ಬೇಡ. ತೊಟ್ಟಿ ಚಿಕ್ಕದಾದಷ್ಟೂ ನೀರು ಬೇಗ ಕೆಡುತ್ತದೆ.

ನೀರಿನ ಮಾತು ಬಂತಲ್ಲ, ಒಂದು ತಪ್ಪು ತಿಳುವಳಿಕೆಯನ್ನು ಇಲ್ಲೇ ತೆಗೆದುಬಿಡೋಣ. ಮಲಪ್ರಭಾ ಅಚ್ಚುಕಟ್ಟಿನ ಎರೆಭೂಮಿಯಲ್ಲಿ ಸವಳು ನೀರಿನ ಕೊಳವೆಬಾವಿಗಳು ಕಡಿಮೆಯೇನಲ್ಲ. ‘ನಮ್ಮ ಬೋರಿನ ನೀರು ಹೆಂಗೂ ಉಪ್ಪು, ಅದನ್ನ ಹಾಕಿದ್ರ ಆತು’ ಎಂದುಕೊಳ್ಳಬೇಡಿ. ಸವಳು ನೀರು ಬೇರೆ, ಕಡಲ ನೀರು ಬೇರೆ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ಶೇಕಡ 85ರಷ್ಟು ನಾವು ಉಣ್ಣುವ ಉಪ್ಪಿನ ಅಂಶವೇ ಆದರೂ, ಉಳಿದ ಪಾಲಿನಲ್ಲಿ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಗೊತ್ತಾದ ಪ್ರಮಾಣದಲ್ಲಿ ಬೆರೆತಿರುತ್ತವೆ. ಬೋರಿನ ನೀರಿಗೆ ಆ ಪ್ರಮಾಣವಿಲ್ಲ, ಅಡುಗೆಮನೆಯ ಉಪ್ಪಿಗೂ ಇಲ್ಲ. ಅಕ್ವೇರಿಯಂಗೆಂದೇ ತಯಾರಿಸಿದ ಕಡಲ ಉಪ್ಪನ್ನು ಶುದ್ಧ ನೀರಿಗೆ ಬೆರೆಸಬೇಕು. ನೂರು ಲೀಟರಿಗೆ ಮೂರೂವರೆ ಕಿಲೋಗಿಂತ ತುಸು ಹೆಚ್ಚು ಬೇಕಾಗುತ್ತದೆ. ಶುದ್ಧ ನೀರಿಗೆ ಬಹಳ ದೂರ ಹೋಗಬೇಕಿಲ್ಲ. ನಮ್ಮ ಊರುಗಳಲ್ಲಿ ಆರ್‌ಒ ಯಂತ್ರವಿರುವ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತಂದರೆ ಈ ಕೆಲಸಕ್ಕೆ ಬರುತ್ತದೆ, ಯಂತ್ರ ಸರಿಯಾಗಿ ನಡೆಯುತ್ತಿದ್ದರೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ಇಂಗಿದಾಗ ಮೇಲೆ ಸುರಿಯಬೇಕಾದದ್ದು ಉಪ್ಪಿಲ್ಲದ ಈ ನೀರನ್ನೇ. ಆವಿಯಾಗುವುದು ನೀರು, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ.

ಇನ್ನು ಜೀವದ ಮಾತು. ದೂರದ ನಗರದಿಂದ ಒಂದು ಕ್ಲೌನ್ ಮೀನು ಬೈಲಹೊಂಗಲಕ್ಕೆ ಹೊರಟಿತೆನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ನೀರು ಕೆಡದಿರಲೆಂದು ಮೀನಿಗೆ ಒಂದೆರಡು ದಿನ ಮೊದಲೇ ಮೇವು ನಿಲ್ಲಿಸಿರುತ್ತಾರೆ. ಚೀಲ ಥರ್ಮಾಕೋಲ್ ಪೆಟ್ಟಿಗೆ ಸೇರುತ್ತದೆ. ವಿಮಾನದಲ್ಲಿ ಬಂದರೆ ಸಾಂಬ್ರಾ ಅಥವಾ ಹುಬ್ಬಳ್ಳಿ, ರೈಲಿನಲ್ಲಾದರೆ ಬೆಳಗಾವಿ ಅಥವಾ ಧಾರವಾಡ; ಅಲ್ಲಿಂದ ಮುಂದೆ ರಸ್ತೆಯೇ ಗತಿ. ಪೆಟ್ಟಿಗೆ ಗೋದಾಮಿನಲ್ಲಿ ಕಾಯುವುದು, ವ್ಯಾನು ಬದಲಾಗುವುದು, ಬಿಸಿಲಿಗೆ ಬೀಳುವುದು ಎಲ್ಲ ಈ ಕೊನೆಯ ಹಂತದಲ್ಲೇ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. ಅಷ್ಟೇ ಕಾವಿನಲ್ಲಿ ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರಿನ ಒಂದು ಲೀಟರಿನಲ್ಲಿ ಎಂಟು ಮಿಲಿಗ್ರಾಂಗೆ ಮೀರಿ ಇದ್ದರೆ ಕಡಲನೀರಿನಲ್ಲಿ ಏಳಕ್ಕೂ ಕಡಿಮೆ. ಗೋಲ್ಡ್ ಫಿಶ್ ತಡೆದುಕೊಂಡ ಪ್ರಯಾಣವನ್ನು ಕಡಲಮೀನು ತಡೆಯದಿರಲು ಇದೂ ಒಂದು ಕಾರಣ.

ಪೆಟ್ಟಿಗೆ ಮನೆ ಮುಟ್ಟಿದ ಮೇಲೂ ಅಪಾಯ ಮುಗಿಯುವುದಿಲ್ಲ. ಚೀಲದೊಳಗೆ ಮೀನು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಿನ ಕ್ಷಾರಗುಣವನ್ನು ಇಳಿಸಿರುತ್ತದೆ. ಮೀನಿನ ಮೈಯಿಂದ ಹೊರಬಿದ್ದ ಅಮೋನಿಯಾ ಆ ನೀರಿನಲ್ಲಿ ಅಮೋನಿಯಂ ಎಂಬ, ಅಷ್ಟಾಗಿ ವಿಷವಲ್ಲದ ರೂಪದಲ್ಲಿ ಅಡಗಿರುತ್ತದೆ. ನೀವು ಚೀಲದ ಬಾಯಿ ಬಿಚ್ಚಿದೊಡನೆ ಅನಿಲ ಹಾರಿಹೋಗುತ್ತದೆ, ಕ್ಷಾರಗುಣ ಏರುತ್ತದೆ, ಅಡಗಿದ್ದ ಅಮೋನಿಯಂ ಮತ್ತೆ ವಿಷವಾಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಇಡೀ ರಾತ್ರಿ ಬದುಕಿ ಬಂದ ಮೀನು, ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿ ಹನಿಯಾಗಿ ಹೊಸ ನೀರು ಬೆರೆಸುತ್ತ ಕುಳಿತವರ ಕಣ್ಣೆದುರಿಗೇ ಸಾಯುವುದು ಹೀಗೆ. ಹನಿ ಬೆರೆಸುವ ಪದ್ಧತಿ ಒಂದೆರಡು ತಾಸಿನಲ್ಲಿ ಅಂಗಡಿಯಿಂದ ತಂದ ಮೀನಿಗೆ ಸರಿ. ದೀರ್ಘ ಪ್ರಯಾಣದ ಮೀನಿಗೆ ಬೇರೆ ಕ್ರಮವಿದೆ. ಮಾರುವವರ ತೊಟ್ಟಿಯ ಉಪ್ಪಿನಂಶ ಎಷ್ಟೆಂದು ಫೋನಿನಲ್ಲಿ ಮೊದಲೇ ಕೇಳಿ, ಅಷ್ಟೇ ಉಪ್ಪಿನ ನೀರನ್ನು ಬೇರೊಂದು ಚಿಕ್ಕ ತೊಟ್ಟಿಯಲ್ಲಿ ಸಿದ್ಧ ಮಾಡಿಡಬೇಕು. ಮುಚ್ಚಿದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಅದರ ಮೇಲೆ ತೇಲಿಬಿಟ್ಟು, ಕಾವು ಒಂದಾದ ಮೇಲೆ ಬಿಚ್ಚಿ, ತಡಮಾಡದೆ ಮೀನನ್ನಷ್ಟೇ ಸಾಗಿಸಬೇಕು. ಚೀಲದ ನೀರು ಬಚ್ಚಲಿಗೆ.

ಹಾಗಾದರೆ ಅಂಗಡಿಯ ಮೀನು ಪ್ರಯಾಣ ಮಾಡಿಲ್ಲವೇ? ಮಾಡಿದೆ. ಅದೂ ದೂರದಿಂದಲೇ ಬಂದದ್ದು. ಆದರೆ ಆ ಪ್ರಯಾಣದಲ್ಲಿ ಸತ್ತವುಗಳ ಲೆಕ್ಕ ಅಂಗಡಿಯವರ ಪಾಲಿಗೆ ಹೋಗಿದೆ, ಉಳಿದವು ನಿಮ್ಮೆದುರಿಗಿವೆ. ಅಂಗಡಿಯಲ್ಲಿ ಬೆಲೆ ಹೆಚ್ಚು ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ. ಎದುರಿಗಿರುವ ಮೀನನ್ನು ಪರೀಕ್ಷೆ ಮಾಡಬಹುದೆಂಬುದು ಇನ್ನೊಂದು ಅನುಕೂಲ. ‘ಅಣ್ಣಾರ, ಇದಕ್ಕ ಸ್ವಲ್ಪ ಮೇವು ಹಾಕಿ ತೋರಸ್ರಿ’ ಎಂದು ಕೇಳಿ. ಓಡಿಬಂದು ತಿಂದರೆ ಅರ್ಧ ಚಿಂತೆ ಕಳೆಯಿತು. ಫಿಲಿಪೈನ್ಸ್, ಇಂಡೋನೇಷ್ಯಾಗಳ ಹವಳದ ದಿಬ್ಬಗಳಲ್ಲಿ ಸಯನೈಡ್ ಚಿಮುಕಿಸಿ ಮೀನುಗಳಿಗೆ ಮಂಪರು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ 1960ರ ದಶಕದಿಂದ ಇದೆ. ಹಾಗೆ ಹಿಡಿದ ಮೀನು ನೋಡಲು ಅಂದವಾಗಿಯೇ ಇದ್ದು ಕೆಲವು ವಾರಗಳಲ್ಲಿ ಸಾಯುವುದುಂಟು. ಫೋಟೋದಲ್ಲಿ ಇದು ಕಾಣದು. ಮೀನು ಇಷ್ಟವಾದರೆ ಮುಂಗಡ ಕೊಟ್ಟು, ಹತ್ತು ದಿನ ಅಲ್ಲೇ ಇರಲಿ ಎಂದು ಹೇಳಿ ಬನ್ನಿ. ‘ಇದು ನಿನ್ನೆ ಬಂದದ್ದ ಐತ್ರಿ, ಇನ್ನೊಂದು ವಾರ ಬಿಟ್ಟು ಒಯ್ರಿ’ ಎಂದು ತಾವಾಗಿಯೇ ಹೇಳುವ ಅಂಗಡಿಯವರು ಸಿಕ್ಕರೆ ಅವರನ್ನು ಬಿಡಬೇಡಿ.

ಎಲ್ಲ ಅಂಗಡಿಯವರೂ ಹಾಗಿರುತ್ತಾರೆಂದು ನಾನು ಹೇಳಲಾರೆ. ಹತ್ತು ತೊಟ್ಟಿಗಳಿಗೆ ಒಂದೇ ನೀರು ಸುತ್ತುತ್ತಿದ್ದರೆ ಒಂದು ಮೀನಿನ ಬಿಳಿಚುಕ್ಕೆ ರೋಗ ಹತ್ತಕ್ಕೂ ಹತ್ತುತ್ತದೆ. ನಿನ್ನೆಯಷ್ಟೇ ತೊಟ್ಟಿ ತುಂಬಿಸಿದವನಿಗೆ ಇಂದು ಆರು ಮೀನು ಮಾರುವವರೂ ಇದ್ದಾರೆ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ‘ತೊಟ್ಟಿ ಇಟ್ಟು ಎಷ್ಟು ದಿನ ಆತು?’ ಎಂದು ಕೇಳದೆ ಮಾರುವವರು ಎದುರಿಗಿದ್ದರೇನು, ಮೊಬೈಲಿನಲ್ಲಿದ್ದರೇನು, ಎರಡೂ ಒಂದೇ.

ಕಾನೂನಿನ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು. ದಿಬ್ಬ ಕಟ್ಟುವ ಹವಳಗಳು, ಕಡಲಕುದುರೆ, ಕಡಲಸೌತೆ ಇವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಯಾವ ರಕ್ಷಣೆಯೋ ಆ ಸಾಲಿನ ರಕ್ಷಣೆ. ಅಂತರ್ಜಾಲದಲ್ಲಿ ‘ಜೀವಂತ ಹವಳ’ ಎಂದು ಬೆಲೆ ಹಚ್ಚಿ ತೋರಿಸಿದರೂ, ಅಂಗಡಿಯವರು ಒಳಕೋಣೆಗೆ ಕರೆದು ತೋರಿಸಿದರೂ, ದಿಬ್ಬದ ಹವಳವನ್ನು ಕೊಂಡು ಮನೆಯಲ್ಲಿಟ್ಟವರೂ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಹವಳದ ಆಸೆ ಬೇಡ. ಕಲ್ಲು, ಮರಳು, ಮೀನು ಸಾಕು. ಕ್ಲೌನ್ ಮೀನಾದರೆ ಹ್ಯಾಚರಿಯಲ್ಲಿ ಮರಿಮಾಡಿದ್ದೇ ಎಂದು ಕೇಳಿ ಕೊಳ್ಳಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದರ ವಂಶಾಭಿವೃದ್ಧಿಯ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ. ಹ್ಯಾಚರಿಯ ಮರಿ ಒಣಮೇವಿಗೆ ಮೊದಲೇ ಒಗ್ಗಿರುತ್ತದೆ, ಕಡಲಿಗೂ ಹಾನಿಯಿಲ್ಲ.

ಎರಡನೆಯದು ಗ್ರಾಹಕರ ಹಕ್ಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದವರು ಯಾವ ಊರಿನವರೇ ಆಗಿರಲಿ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನಮಗೆ ಅದು ಬೆಳಗಾವಿ. 2020ರ ಇ-ವಾಣಿಜ್ಯ ನಿಯಮಗಳು ದೂರು ಮುಟ್ಟಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎನ್ನುತ್ತವೆ. ಆದರೆ ಬಿಲ್ಲಿಲ್ಲದೆ, ವಿಳಾಸವಿಲ್ಲದೆ, ಬರೀ ಒಂದು ಫೋನ್ ನಂಬರಿನ ನಂಬಿಕೆಯ ಮೇಲೆ ಹಣ ಕಳಿಸಿದವರು ಯಾರ ಮೇಲೆ ದೂರು ಕೊಟ್ಟಾರು? ‘ಜೀವಂತ ತಲುಪುವ ಖಾತರಿ’ ಎಂದು ಬರೆದಿದ್ದರೆ ಅದರ ಷರತ್ತುಗಳನ್ನು ಓದಿ. ಸತ್ತ ಮೀನಿನ ಫೋಟೋವನ್ನು ಚೀಲ ಬಿಚ್ಚುವ ಮುನ್ನವೇ ತೆಗೆದು, ಇಂತಿಷ್ಟು ತಾಸಿನೊಳಗೆ ಕಳಿಸಬೇಕೆಂದು ಅಲ್ಲಿರುವುದುಂಟು.

ನನಗೆ ಸರಿಕಾಣದ ಒಂದು ರೂಢಿಯಿದೆ. ಅಂಗಡಿಗೆ ಹೋಗಿ ಒಂದು ತಾಸು ಎಲ್ಲ ಕೇಳಿ ತಿಳಿದುಕೊಂಡು, ಹೊರಗೆ ಬಂದು ಮೊಬೈಲಿನಲ್ಲಿ ನೂರು ರೂಪಾಯಿ ಅಗ್ಗಕ್ಕೆ ತರಿಸುವುದು. ಮುಂದೆ ಮೀನು ಕೆಳಗೆ ಬಿದ್ದು ಏದುಸಿರು ಬಿಡುವಾಗ ಮತ್ತೆ ಫೋನು ಹೋಗುವುದು ಅದೇ ಅಂಗಡಿಗೇ. ಹಗಲಿರುಳು ಪಂಪು ಓಡಿಸಿ, ಕರೆಂಟು ಹೋದಾಗ ಇನ್ವರ್ಟರ್ ಹಚ್ಚಿ ಕಾಯುವ ಆ ಮನುಷ್ಯ ಬದುಕುವುದು ಉಪ್ಪು, ಮೇವು, ಸಲಕರಣೆಗಳ ಲಾಭದಿಂದ. ಮೀನಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಒಣಸಾಮಾನು ಎಲ್ಲಿಯಾದರೂ ಕೊಳ್ಳಿರೆಂದು ಮೇಲೆ ನಾನೇ ಹೇಳಿದೆ. ಅದು ಪೂರ್ತಿ ಉಳಿತಾಯದ ಮಾತು. ಉಪ್ಪಿನ ಒಂದು ಚೀಲವನ್ನಾದರೂ ಅಂಗಡಿಯಲ್ಲಿ ಕೊಂಡರೆ, ಆಪತ್ತಿನ ರಾತ್ರಿ ಫೋನ್ ಎತ್ತುವ ಒಂದು ಕೈ ಅಲ್ಲಿ ಉಳಿದಿರುತ್ತದೆ.

ನಾಲ್ಕು ಊರಿನ ಹವ್ಯಾಸಿಗಳು ಒಟ್ಟುಗೂಡಿದರೆ ಇದು ಇನ್ನೂ ಸುಲಭ. ಒಬ್ಬೊಬ್ಬರಾಗಿ ಒಂದೊಂದು ಮೀನು ಕೇಳಿದರೆ ಅಂಗಡಿಯವರು ತರಿಸಲಾರರು. ಐದಾರು ಜನ ಸೇರಿ ಕೇಳಿದರೆ ಒಂದು ಪೆಟ್ಟಿಗೆ ತರಿಸಿ, ಎಂಟು ಹತ್ತು ದಿನ ಇಟ್ಟು ಕೊಟ್ಟಾರು. ಕಿತ್ತೂರಿನವರ ಹಳೆಯ ತೊಟ್ಟಿಯ ಒಂದು ಹಿಡಿ ಕಲ್ಲು ರಾಮದುರ್ಗದವರ ಹೊಸ ತೊಟ್ಟಿಗೆ ಸೂಕ್ಷ್ಮಜೀವಿಗಳ ಹೆಪ್ಪು ಆಗುತ್ತದೆ, ಹಾಲಿಗೆ ಮಜ್ಜಿಗೆ ಹಾಕಿದ ಹಾಗೆ. ಆ ತೊಟ್ಟಿಯಲ್ಲಿ ರೋಗವಿರಬಾರದು, ಅಷ್ಟೇ.

ಇಷ್ಟಾಗಿಯೂ ದೂರದಿಂದಲೇ ತರಿಸುವುದಾದರೆ ದೀಪಾವಳಿಯಿಂದ ಶಿವರಾತ್ರಿಯೊಳಗೆ ತರಿಸಿ. ಸವದತ್ತಿ, ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಬೇಡವೇ ಬೇಡ. ಪೆಟ್ಟಿಗೆ ಭಾನುವಾರ ಗೋದಾಮಿನಲ್ಲಿ ಕೊಳೆಯದಂತೆ ಸೋಮವಾರ ಅಥವಾ ಮಂಗಳವಾರ ಹೊರಡಿಸಲು ಹೇಳಿ. ಮನೆಬಾಗಿಲಿಗೆ ಬರಲೆಂದು ಕಾಯಬೇಡಿ; ಬೆಳಗಾವಿಯಲ್ಲೋ ಧಾರವಾಡದಲ್ಲೋ ಇಳಿಯುವ ಹೊತ್ತು ಕೇಳಿಕೊಂಡು ನೀವೇ ಹೋಗಿ ಬಿಡಿಸಿಕೊಳ್ಳಿ. ಬಂದ ಮೀನು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿರಲಿ. ಮೊದಲ ದಿನ ದೀಪ ಹಚ್ಚಬೇಡಿ, ಮೇವು ಹಾಕಬೇಡಿ. ಗಾಜು ಬಡಿದು ಕರೆಯಬಾರದೆಂದು ಮನೆಯ ಮಕ್ಕಳಿಗೂ ಹೇಳಿಡಿ.