ಪಾಯಿಂಟ್ ಬಿಟ್ಟು ಕ್ಯಾಲೊರಿ ಎಣಿಸುವ ಬಗೆ

(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೆ ಮತ್ತು ಅವರ ಜೊತೆ ಬಂದವರಿಗೆ ನೀಡಿದ ಆರೋಗ್ಯ ತಿಳಿವಳಿಕೆ ಮಾತುಗಳ ಬರಹರೂಪ)



ತೂಕ ಇಳಿಸಬೇಕೆಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ನಾನಾ ಸಲಹೆಗಳು ಶುರುವಾಗುತ್ತವೆ. ಅಮೆರಿಕದಲ್ಲಿರುವ ಮಗಳೋ ಅಳಿಯನೋ "ಪಾಯಿಂಟ್" ಲೆಕ್ಕದ ಪಟ್ಟಿಯೊಂದನ್ನು ಕಳಿಸಿರುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಹಾಕಿಕೊಟ್ಟಿರುತ್ತಾರೆ. ಅದನ್ನು ಹಿಡಿದುಕೊಂಡು ಬಂದು, "ಸಿಸ್ಟರ್, ಇದರಾಗ ನಮ್ಮ ಜ್ವಾಳದ ರೊಟ್ಟಿ ಎಲ್ಲಿ ಐತ್ರಿ?" ಎಂದು ಕೇಳುವವರಿದ್ದಾರೆ. ಅಂಥವರು ಪಾಯಿಂಟ್ ಲೆಕ್ಕದಿಂದ ಕ್ಯಾಲೊರಿ ಲೆಕ್ಕಕ್ಕೆ ಬರುವುದು ಹೇಗೆ, ಬರುವಾಗ ಯಾವುದರಲ್ಲಿ ಎಚ್ಚರ ಬೇಕು ಎಂಬುದೇ ಇವತ್ತಿನ ವಿಷಯ. ಪಾಯಿಂಟ್ ಎಂದರೇನೆಂದು ಗೊತ್ತಿಲ್ಲದವರಿಗೂ ಇದರಿಂದ ಉಪಯೋಗವಿದೆ.

ಪಾಯಿಂಟ್ ಎಲ್ಲಿಂದ ಬಂತು?

ವೇಟ್ ವಾಚರ್ಸ್ ಎಂಬ ಸಂಸ್ಥೆಯನ್ನು 1963ರಲ್ಲಿ ನ್ಯೂಯಾರ್ಕಿನಲ್ಲಿ ಜೀನ್ ನಿಡೆಚ್ ಎಂಬ ಗೃಹಿಣಿ ಇತರರ ಜೊತೆಗೂಡಿ ಶುರು ಮಾಡಿದರು. ತೂಕ ಹೆಚ್ಚಾದವರು ವಾರಕ್ಕೊಮ್ಮೆ ಕೂಡಿ, ತೂಕ ನೋಡಿಕೊಂಡು, ಒಬ್ಬರಿಗೊಬ್ಬರು ಧೈರ್ಯ ಹೇಳುವುದು ಅದರ ಪದ್ಧತಿ. ಈ ಸಂಸ್ಥೆ 1997ರಲ್ಲಿ ಅಮೆರಿಕದಲ್ಲಿ ಪಾಯಿಂಟ್ ಲೆಕ್ಕವನ್ನು ತಂದಿತು. ಪ್ರತಿ ಪದಾರ್ಥಕ್ಕೆ ಒಂದು ಸಣ್ಣ ಅಂಕಿ ಕೊಡುವುದು, ದಿನಕ್ಕೆ ಇಂತಿಷ್ಟು ಅಂಕಿಗಳೊಳಗೆ ಉಣ್ಣುವುದು. ನೂರು, ಸಾವಿರದ ಲೆಕ್ಕವಿಲ್ಲದ ಕಾರಣ ಜನರಿಗೆ ಅದು ಸುಲಭವಾಯಿತು. ಬಹಳ ಜನರಿಗೆ ಅನುಕೂಲವೂ ಆಯಿತು.

ಆಗಿನ ಸೂತ್ರ ಹೀಗಿತ್ತು: ಕ್ಯಾಲೊರಿಯನ್ನು 50ರಿಂದ ಭಾಗಿಸಬೇಕು, ಜಿಡ್ಡಿನ ಗ್ರಾಂಗಳನ್ನು 12ರಿಂದ ಭಾಗಿಸಿ ಅದಕ್ಕೆ ಕೂಡಿಸಬೇಕು, ನಾರಿನಂಶವನ್ನು 4 ಗ್ರಾಂವರೆಗೆ ಮಾತ್ರ ಹಿಡಿದು 5ರಿಂದ ಭಾಗಿಸಿ ಕಳೆಯಬೇಕು. ಮುಂದೆ 2010ರಲ್ಲಿ ಸೂತ್ರ ಬದಲಾಯಿತು. 2015ರಲ್ಲಿ ಮತ್ತೆ ಬದಲಾಗಿ ಸಕ್ಕರೆಗೆ ಹೆಚ್ಚು ಅಂಕಿ, ಸಸಾರಜನಕಕ್ಕೆ ಕಡಿಮೆ ಅಂಕಿ ಆಯಿತು. 2010ರ ಲೆಕ್ಕದಲ್ಲಿ ಹಣ್ಣುಗಳಿಗೆ ಸೊನ್ನೆ ಬಂತು. 2017ರಲ್ಲಿ ಬೇಳೆಕಾಳುಗಳೂ ಸೊನ್ನೆಯ ಪಟ್ಟಿಗೆ ಸೇರಿದವು. ಆದ್ದರಿಂದ ಹಳೆಯ ಚೀಟಿಯಲ್ಲಿರುವ ಅಂಕಿಗೂ ಹೊಸ ಮೊಬೈಲಿನಲ್ಲಿರುವ ಅಂಕಿಗೂ ತಾಳೆಯಾಗುವುದಿಲ್ಲ.

ಕ್ಯಾಲೊರಿ ಹಾಗೆ ಬದಲಾಗುವುದಿಲ್ಲ. ಅದು ಆಹಾರದಿಂದ ಮೈಗೆ ಸಿಗುವ ಶಕ್ತಿಯ ಅಳತೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ 4 ಕ್ಯಾಲೊರಿ, ಒಂದು ಗ್ರಾಂ ಸಸಾರಜನಕದಿಂದ 4, ಒಂದು ಗ್ರಾಂ ಎಣ್ಣೆ ಅಥವಾ ತುಪ್ಪದಿಂದ 9. ಹುಬ್ಬಳ್ಳಿಯಲ್ಲಾದರೂ ಅಷ್ಟೇ, ನ್ಯೂಯಾರ್ಕಿನಲ್ಲಾದರೂ ಅಷ್ಟೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ನಮ್ಮ ಜೋಳ, ಸಜ್ಜೆ, ತೊಗರಿ, ಶೇಂಗಾಗಳನ್ನೆಲ್ಲ ಪರೀಕ್ಷಿಸಿ ಪಟ್ಟಿ ಮಾಡಿದ್ದಾರೆ. ಪೊಟ್ಟಣದ ಆಹಾರದ ಮೇಲೂ ಕ್ಯಾಲೊರಿ ಬರೆದಿರುತ್ತದೆ. ವೈದ್ಯರು ಹೇಳುವುದೂ ಕ್ಯಾಲೊರಿಯಲ್ಲೇ.

ಪಾಯಿಂಟನ್ನು 50ರಿಂದ ಗುಣಿಸಬೇಡಿ

ಬದಲಾಯಿಸುವಾಗ ಬಹಳ ಜನ "ಒಂದು ಪಾಯಿಂಟ್ ಅಂದರೆ 50 ಕ್ಯಾಲೊರಿ" ಎಂದು ಗುಣಿಸಿಬಿಡುತ್ತಾರೆ. ಅದು ಸರಿಯಲ್ಲ. 1997ರ ಸೂತ್ರದಿಂದಲೇ ನೋಡೋಣ. ಮೂರು ಚಹಾ ಚಮಚ ಎಣ್ಣೆ, ಅಂದರೆ 15 ಗ್ರಾಂ, 135 ಕ್ಯಾಲೊರಿ. ಜಿಡ್ಡಿನ ಅಂಕಿ ಕೂಡಿ ಅದು ಸುಮಾರು 4 ಪಾಯಿಂಟ್ ಆಗುತ್ತದೆ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಸುಮಾರು 170 ಕ್ಯಾಲೊರಿ. ನಾರಿನ ಅಂಕಿ ಕಳೆದು ಅದು ಸುಮಾರು 3 ಪಾಯಿಂಟ್ ಆಗುತ್ತದೆ. ಪಾಯಿಂಟ್ ಕಡಿಮೆ ಇರುವ ರೊಟ್ಟಿಯಲ್ಲೇ ಕ್ಯಾಲೊರಿ ಹೆಚ್ಚು. ಹೀಗಾಗಿ ಹಳೆಯ ಚೀಟಿಯನ್ನು ಪಕ್ಕಕ್ಕಿಟ್ಟು ಪದಾರ್ಥದಿಂದಲೇ ಹೊಸ ಲೆಕ್ಕ ಶುರು ಮಾಡುವುದು ಒಳ್ಳೆಯದು.

ಸೊನ್ನೆ ಎಂದರೆ ಸೊನ್ನೆಯಲ್ಲ

ಹಣ್ಣಿಗೂ ಬೇಳೆಗೂ ಸೊನ್ನೆ ಕೊಟ್ಟಿದ್ದಕ್ಕೆ ಕಾರಣವಿದೆ. ಸಿಹಿ ತಿಂಡಿ, ಕರಿದ ತಿಂಡಿ ಬಿಟ್ಟು ಜನ ಅವುಗಳ ಕಡೆಗೆ ಬರಲಿ ಎಂಬುದು ಉದ್ದೇಶ. ಆದರೆ ನಮ್ಮ ಮನೆಗಳಲ್ಲಿ ಬೇಳೆ ಎರಡು ಹೊತ್ತೂ ಇದ್ದೇ ಇರುತ್ತದೆ. ಎರಡು ಬಟ್ಟಲು ಗಟ್ಟಿ ಬೇಳೆಯಿಂದ ಒಗ್ಗರಣೆ ಬಿಟ್ಟೇ 200 ಕ್ಯಾಲೊರಿ ಬರುತ್ತದೆ. ಎರಡು ಬಾಳೆಹಣ್ಣಿನಿಂದ ಇನ್ನೊಂದು 200. ಪಟ್ಟಿಯಲ್ಲಿ ಇವೆಲ್ಲ ಸೊನ್ನೆ, ಮೈಗೆ ಸೇರಿದ್ದು 400. "ಲೆಕ್ಕ ತಪ್ಪಿಲ್ಲ, ಆದರೂ ತೂಕ ಇಳಿಯಲಿಲ್ಲ" ಎನ್ನುವವರು ಮೊದಲು ಈ ಸೊನ್ನೆಗಳನ್ನು ನೋಡಬೇಕು. ಸಕ್ಕರೆ ಕಾಯಿಲೆ ಇದ್ದವರಂತೂ ಹಣ್ಣಿಗೆ ಸೊನ್ನೆ ಎಂದು ಎಷ್ಟು ಬೇಕೋ ಅಷ್ಟು ತಿನ್ನಬಾರದು.

ಬೇಳೆ, ಹಣ್ಣು ಬಿಡಿರೆಂದು ನಾನು ಹೇಳುತ್ತಿಲ್ಲ. ಅವೂ ಲೆಕ್ಕಕ್ಕೆ ಬರಲಿ ಎನ್ನುತ್ತಿದ್ದೇನೆ.

ನೆನಪಿಡಬೇಕಾದ ಹತ್ತು ಅಂಕಿಗಳು

ಇವು ಸುಮಾರು ಲೆಕ್ಕ. ತಳಿ, ಅಳತೆಯ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಮನೆ ಬಳಕೆಗೆ ಇಷ್ಟು ಸಾಕು.

ಜೋಳದ ರೊಟ್ಟಿ 1 (50 ಗ್ರಾಂ ಹಿಟ್ಟು) – 170
ಅನ್ನ (30 ಗ್ರಾಂ ಅಕ್ಕಿಯದು) – 100
ಬೇಳೆ (30 ಗ್ರಾಂ ಒಣ ಬೇಳೆಯದು) – 100
ಎಣ್ಣೆ ಅಥವಾ ತುಪ್ಪ, 1 ಚಹಾ ಚಮಚ (5 ಗ್ರಾಂ) – 45
ಸಕ್ಕರೆ ಅಥವಾ ಬೆಲ್ಲ, 1 ಚಹಾ ಚಮಚ (5 ಗ್ರಾಂ) – 20
ಎಮ್ಮೆ ಹಾಲು 100 ಮಿ.ಲೀ. – 110
ಆಕಳ ಹಾಲು 100 ಮಿ.ಲೀ. – 70
ಶೇಂಗಾ, ಒಂದು ಸಣ್ಣ ಹಿಡಿ (25 ಗ್ರಾಂ) – 140
ಬಾಳೆಹಣ್ಣು, ಮಧ್ಯಮ ಗಾತ್ರದ್ದು 1 – 100
ಹಸಿ ಸವತೆಕಾಯಿ, ಮೂಲಂಗಿ 100 ಗ್ರಾಂ – 15ರಿಂದ 20

ಅಕ್ಕಿ, ಬೇಳೆ, ಹಿಟ್ಟನ್ನು ಒಣಗಿದ್ದಾಗಲೇ ಅಳೆಯಿರಿ. ಬೆಂದ ಮೇಲೆ ನೀರು ಸೇರಿ ತೂಕ ಹೆಚ್ಚುತ್ತದೆ, ಲೆಕ್ಕ ತಪ್ಪುತ್ತದೆ. ಒಂದು ಕಿಲೋ ಹಿಟ್ಟಿನಿಂದ ನಿಮ್ಮ ಮನೆಯಲ್ಲಿ ಎಷ್ಟು ರೊಟ್ಟಿ ಆಗುತ್ತವೆ ಎಂದು ಒಮ್ಮೆ ಎಣಿಸಿ. 20 ಆದರೆ ಒಂದೊಂದೂ 50 ಗ್ರಾಂ. 14 ಆದರೆ ಒಂದೊಂದೂ 70 ಗ್ರಾಂ ದಾಟುತ್ತದೆ, ಕ್ಯಾಲೊರಿ 240ಕ್ಕೆ ಹೋಗುತ್ತದೆ. "ನಾನು ಉಣ್ಣುವುದು ಎರಡೇ ರೊಟ್ಟಿ" ಎನ್ನುವವರಲ್ಲಿ ಇಷ್ಟು ವ್ಯತ್ಯಾಸ ಇರುತ್ತದೆ.

ಎಣ್ಣೆಯ ಲೆಕ್ಕ ಇನ್ನೂ ಸುಲಭ. ಪಾಕೀಟು ಒಡೆದ ದಿನ, ಮುಗಿದ ದಿನ ಕ್ಯಾಲೆಂಡರಿನಲ್ಲಿ ಬರೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಆದರೆ ಒಬ್ಬರಿಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ. ಅದನ್ನು ಎರಡು ಲೀಟರಿಗೆ ಇಳಿಸಿದರೆ ಯಾರ ತಾಟಿನಿಂದಲೂ ರೊಟ್ಟಿ ತೆಗೆಯದೆ ಪ್ರತಿಯೊಬ್ಬರಿಗೂ 135 ಕ್ಯಾಲೊರಿ ಕಡಿಮೆಯಾಯಿತು.

ಚಹಾವನ್ನು ಮರೆಯಬೇಡಿ. 50 ಮಿ.ಲೀ. ಎಮ್ಮೆ ಹಾಲು, ಎರಡು ಚಮಚ ಸಕ್ಕರೆ ಹಾಕಿದ ಒಂದು ಕಪ್ಪು ಚಹಾ 95 ಕ್ಯಾಲೊರಿ. ದಿನಕ್ಕೆ ಮೂರು ಕಪ್ಪಾದರೆ 285, ಒಂದೂವರೆ ರೊಟ್ಟಿಗಿಂತ ಹೆಚ್ಚು. ಸಕ್ಕರೆ ಬಿಟ್ಟರೆ ಅದರಲ್ಲೇ 120 ಉಳಿಯಿತು.

ಶುರು ಮಾಡುವುದು ಹೇಗೆ?

ಮೊದಲನೆಯ ವಾರ ಏನನ್ನೂ ಕಡಿಮೆ ಮಾಡಬೇಡಿ, ಬರೆಯಿರಿ ಅಷ್ಟೇ. ಎರಡು ಶೇಂಗಾ ಬಾಯಿಗೆ ಹಾಕಿಕೊಂಡರೂ, ಮಕ್ಕಳು ಬಿಟ್ಟ ಅನ್ನ ಉಂಡರೂ ಬರೆಯಿರಿ. ವಾರದ ಕೊನೆಗೆ ದಿನಕ್ಕೆ ಸರಾಸರಿ ಎಷ್ಟು ಎಂಬುದು ಕಾಣುತ್ತದೆ.

ಎರಡನೆಯ ವಾರದಿಂದ, ವೈದ್ಯರ ಒಪ್ಪಿಗೆ ಇದ್ದರೆ, ಅದರಲ್ಲಿ 300ರಿಂದ 500 ಕಡಿಮೆ ಮಾಡಿ. ಮೈಯಲ್ಲಿಯ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕಡಿಮೆಯಾದರೆ ಹದಿನೈದು ದಿನಕ್ಕೆ ಒಂದು ಕಿಲೋ ಇಳಿಯಬಹುದು. ಕೆಲವು ತಿಂಗಳ ನಂತರ ಇಳಿಕೆ ನಿಧಾನವಾಗುತ್ತದೆ. ತೂಕ ಇಳಿದಂತೆ ದೇಹಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುವುದೇ ಇದಕ್ಕೆ ಕಾರಣ. ಧೈರ್ಯಗೆಡಬೇಡಿ. ಹೆಂಗಸರು 1,200, ಗಂಡಸರು 1,500 ಕ್ಯಾಲೊರಿಗಿಂತ ಕೆಳಗೆ ವೈದ್ಯರ ನಿಗಾ ಇಲ್ಲದೆ ಇಳಿಯಬಾರದು.

ಪಾಯಿಂಟ್ ಲೆಕ್ಕದಿಂದ ಬಂದ ಒಳ್ಳೆಯ ರೂಢಿಗಳನ್ನು ಬಿಡಬೇಡಿ. ತರಕಾರಿ, ಕಾಳು, ನಾರಿನ ಪದಾರ್ಥ ಹೆಚ್ಚು ಮಾಡಿಕೊಂಡಿದ್ದರೆ ಹಾಗೆಯೇ ಮುಂದುವರಿಸಿ. ಕ್ಯಾಲೊರಿ ಎಷ್ಟು ಎಂಬುದನ್ನು ಹೇಳುತ್ತದೆ, ಪದಾರ್ಥ ಎಂಥದು ಎಂಬುದನ್ನು ಹೇಳುವುದಿಲ್ಲ. 200 ಕ್ಯಾಲೊರಿಯ ಬಿಸ್ಕೀಟು ಮತ್ತು 200 ಕ್ಯಾಲೊರಿಯ ಕಾಳಿನ ಪಲ್ಯ ಎರಡೂ ಒಂದೇ ಎಂದು ತಿಳಿಯಬಾರದು.

ಪೊಟ್ಟಣ ಓದುವಾಗ ಎರಡು ಎಚ್ಚರ. ಅಂಕಿ 100 ಗ್ರಾಂಗೋ, ಒಂದು ಸಲ ತಿನ್ನುವ ಪಾಲಿಗೋ ನೋಡಿ. ಕೆಲವದರ ಮೇಲೆ ಕಿಲೋಜೂಲ್ ಎಂದೂ ಬರೆದಿರುತ್ತಾರೆ. ಆ ಅಂಕಿ ಕ್ಯಾಲೊರಿಯ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚಿರುತ್ತದೆ. ಗಾಬರಿಯಾಗಬೇಡಿ.

ಇದು ಬಹಳ ಮುಖ್ಯ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ತಾವೇ ಊಟ ಕಡಿಮೆ ಮಾಡಬಾರದು. ಔಷಧಿಯ ಪ್ರಮಾಣ ನೀವು ಉಣ್ಣುವ ಊಟಕ್ಕೆ ಹೊಂದಿಕೊಂಡಿರುತ್ತದೆ. ಊಟ ಇಳಿಸಿ ಔಷಧಿ ಹಾಗೆಯೇ ತೆಗೆದುಕೊಂಡರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿಯುತ್ತದೆ. ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು, ತಡವರಿಸಿ ಮಾತಾಡುವುದು ಇದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಸಿ. ಆಮೇಲೆ ಏನಾದರೂ ಉಣ್ಣಿಸಿ, ವೈದ್ಯರಿಗೆ ತಿಳಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ತನ್ನಿ. ಆ ಹೊತ್ತಿನಲ್ಲಿ ಕ್ಯಾಲೊರಿ ಲೆಕ್ಕ ನೋಡುತ್ತ ಕೂಡಬಾರದು.

ಬಸುರಿ, ಬಾಣಂತಿಯರು, ಬೆಳೆಯುವ ಮಕ್ಕಳು, ಕ್ಷಯ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಶಸ್ತ್ರಚಿಕಿತ್ಸೆಯಾದವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ದಾರಿ ಹಿಡಿಯಬಾರದು.

ಮನೆಯವರಿಗೆ ಒಂದು ಮಾತು

ಎಣಿಸುವವರು ಒಬ್ಬರು, ಅಡುಗೆ ಮಾಡುವವರು ಇನ್ನೊಬ್ಬರು ಆದರೆ ಲೆಕ್ಕ ನಡೆಯುವುದಿಲ್ಲ. ಒಗ್ಗರಣೆಗೆ ಎಷ್ಟು ಎಣ್ಣೆ ಬಿತ್ತೆಂದು ಗೊತ್ತಿರುವುದು ಒಲೆ ಮುಂದೆ ನಿಂತವರಿಗೆ. ಆದ್ದರಿಂದ ಮುಂದಿನ ಸಲ ಬರುವಾಗ ಅಡುಗೆ ಮಾಡುವವರನ್ನೂ ಕರೆದುಕೊಂಡು ಬನ್ನಿ. ರೋಗಿ ತಾಯಿಯೇ ಆಗಿದ್ದರೆ ಮನೆಯವರೆಲ್ಲ ಇನ್ನೂ ಹೆಚ್ಚು ಗಮನಿಸಬೇಕು. ಎಲ್ಲರದೂ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಕೆಡಬಾರದೆಂದು ಉಣ್ಣುವವಳು ಆಕೆಯೇ. ಆಕೆಯ ಪಾಲನ್ನು ಮೊದಲೇ ಬಡಿಸಿ ಮುಚ್ಚಿಡಿ.

ಬೀಗರ ಮನೆಯಲ್ಲಿ, ಹಬ್ಬದಲ್ಲಿ, ಮಠದ ದಾಸೋಹದಲ್ಲಿ ಬೇಡವೆನ್ನುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಪ್ರಸಾದವನ್ನು ಬೇಡವೆನ್ನಬೇಕಾಗಿಲ್ಲ. "ಸ್ವಲ್ಪ ನೀಡ್ರಿ, ಬೇಕಾದರ ಮತ್ತ ಕೇಳ್ತೀನಿ" ಎಂದು ಮೊದಲೇ ಹೇಳಿ. ಬೇಕಾದಷ್ಟೇ ನೀಡಿಸಿಕೊಂಡು, ತಾಟಿನಲ್ಲಿ ಒಂದು ಅಗುಳೂ ಬಿಡದೆ ಉಣ್ಣುವುದು ಪ್ರಸಾದಕ್ಕೆ ಸಲ್ಲಿಸುವ ಗೌರವವೇ ಆಗಿದೆ. ನೀಡುವವರೂ ರೋಗಿಗಳನ್ನು ಒತ್ತಾಯ ಮಾಡಬಾರದು. ಒಂದು ದಿನ ಹೋಳಿಗೆ ಉಂಡು ಲೆಕ್ಕ ಮೀರಿದರೆ ಮರುದಿನ ಉಪವಾಸ ಮಾಡಬೇಡಿ. ಎಂದಿನ ಲೆಕ್ಕಕ್ಕೆ ಮರಳಿದರೆ ಸಾಕು.

ಈ ಎಣಿಕೆ ಜೀವನಪೂರ್ತಿ ಇರಬೇಕೆಂದಿಲ್ಲ. ಎರಡು ಮೂರು ತಿಂಗಳು ಬರೆದರೆ ಬಟ್ಟಲು ನೋಡಿದ ಕೂಡಲೇ ಅಂದಾಜು ಸಿಗುತ್ತದೆ. ಮುಂದಿನ ತಪಾಸಣೆಗೆ ಬರುವಾಗ ಮೂರು ವಸ್ತು ತನ್ನಿ: ಬರೆದ ವಹಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಮನೆಯಲ್ಲಿ ಊಟಕ್ಕೆ ಬಳಸುವ ಒಂದು ಬಟ್ಟಲು ಮತ್ತು ಚಮಚ. ನಿಮ್ಮ ಬಟ್ಟಲಿಗೆ ಎಷ್ಟು ಹಿಡಿಯುತ್ತದೆ ಎಂದು ಇಲ್ಲಿಯೇ ಅಳೆದು ತೋರಿಸುತ್ತೇವೆ. ಓದು ಬರಹ ಬಾರದವರು ಸಂಕೋಚಪಡಬೇಡಿ. ರೊಟ್ಟಿಗೊಂದು ಗೆರೆ, ಚಹಾಕ್ಕೊಂದು ಚುಕ್ಕಿ ಹಾಕಿಕೊಂಡು ಬಂದರೂ ಲೆಕ್ಕ ನಾವು ಮಾಡಿಕೊಡುತ್ತೇವೆ.