ಕ್ಯಾಟಲಾಗ್ ತೆರೆಯುವ ಮುನ್ನ



ಲೀನಿಯರ್ ಮೋಷನ್ ವ್ಯವಸ್ಥೆಗಳ ಆಯ್ಕೆ ಕುರಿತ ಈ ಸಂಕಿರಣಕ್ಕೆ ಬೆಂಗಳೂರಿಗಿಂತ ತಕ್ಕ ಜಾಗ ಸಿಗಲಾರದು. 1953ರಲ್ಲಿ ಎಚ್‌ಎಂಟಿ ಹುಟ್ಟಿದ ಊರಿದು. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಬಂತು. ಲೇತಿನ ಹಾಸಿಗೆ ನೀಲಿ ಬಣ್ಣ ಹಚ್ಚಿ, ಉಬ್ಬು ಎಲ್ಲಿದೆ ಎಂದು ನೋಡಿ, ಸ್ಕ್ರೇಪರಿನಿಂದ ಕೆರೆದು, ಮತ್ತೆ ಬಣ್ಣ ಹಚ್ಚುತ್ತಿದ್ದ ಫಿಟ್ಟರುಗಳನ್ನು ನನ್ನ ತಲೆಮಾರಿನವರು ಕಂಡಿದ್ದೇವೆ. ಈಗ ರೈಲು, ಬ್ಲಾಕು ಎಲ್ಲ ಪೆಟ್ಟಿಗೆಯಲ್ಲೇ ಬರುತ್ತವೆ. ಬೋಲ್ಟು ಬಿಗಿದರಾಯಿತು ಎಂದುಕೊಳ್ಳುತ್ತೇವೆ. ಆದರೆ ಕೂರಿಸಿದ ಮೈ ಡೊಂಕಾದರೆ ಎಷ್ಟು ದುಬಾರಿ ರೈಲೂ ಡೊಂಕೇ.

ಆಯ್ಕೆ ಎಂದೊಡನೆ ನಮ್ಮ ಕೈ ಕ್ಯಾಟಲಾಗಿಗೆ ಹೋಗುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಡ್ರಿಲ್ಲಿಂಗ್ ಯಂತ್ರವೊಂದರ ಲಂಬ ಅಕ್ಷಕ್ಕೆ ಹಳೆಯ ಟ್ರೆಪಿಜಾಯಿಡಲ್ ಸ್ಕ್ರೂ ಇತ್ತು. ಅದರ ದಕ್ಷತೆ ನೂರಕ್ಕೆ ಮೂವತ್ತೋ ನಲವತ್ತೋ. ಬಾಲ್ ಸ್ಕ್ರೂನದು ತೊಂಬತ್ತರ ಆಸುಪಾಸು. ಮೋಟಾರು ಚಿಕ್ಕದಾದರೂ ಸಾಕೆಂದು ಹಿಗ್ಗಿ ಬದಲಿಸಿದೆ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸ್ಪಿಂಡಲ್ ಹೆಡ್ಡು ಸದ್ದಿಲ್ಲದೆ ಕೆಳಗಿಳಿದು ಬಂದು ಜಾಬಿನ ಮೇಲೆ ಕೂತಿತು. ಡ್ರಿಲ್ಲು ಮುರಿಯಿತು. ಆಪರೇಟರು ಆಗಷ್ಟೇ ಕೈ ತೆಗೆದಿದ್ದ. ಹಳೆಯ ಸ್ಕ್ರೂನಲ್ಲಿ ನಷ್ಟ, ನಷ್ಟ ಎಂದು ನಾನು ಬೈದಿದ್ದ ಘರ್ಷಣೆಯೇ ಅಷ್ಟು ವರ್ಷ ಆ ಹೆಡ್ಡನ್ನು ಹಿಡಿದು ನಿಲ್ಲಿಸಿತ್ತು. ಕೊನೆಗೆ ಬ್ರೇಕಿರುವ ಮೋಟಾರು ಹಾಕಿಸಿದೆ. ಉಳಿಸಿದೆನೆಂದುಕೊಂಡ ಹಣ ಅಲ್ಲಿಗೆ ಮುಗಿಯಿತು.

ಕ್ಯಾಟಲಾಗಿನ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಬಾಲ್ ಬ್ಲಾಕಿನ ಡೈನಮಿಕ್ ಲೋಡ್ ರೇಟಿಂಗನ್ನು ಕೆಲವರು 50 ಕಿಲೋಮೀಟರ್ ಓಟಕ್ಕೆ ಕೊಡುತ್ತಾರೆ, ಕೆಲವರು 100 ಕಿಲೋಮೀಟರಿಗೆ. ಅದೇ ಬ್ಲಾಕು ಮೊದಲ ಪಟ್ಟಿಯಲ್ಲಿ ಶೇ. 26ರಷ್ಟು ಹೆಚ್ಚು ಬಲಶಾಲಿಯಾಗಿ ಕಾಣುತ್ತದೆ. ಅಡಿಟಿಪ್ಪಣಿ ಓದದವನು ಮೋಸ ಹೋಗುತ್ತಾನೆ. ಹೊರೆ ಇಮ್ಮಡಿಯಾದರೆ ಆಯಸ್ಸು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಆದರೆ ಹೊರೆ ಏರಲು ತೂಕವೇ ಹೆಚ್ಚಬೇಕಿಲ್ಲ, ಟೂಲು ರೈಲಿನಿಂದ ಆಚೆಗೆ ಚಾಚಿಕೊಂಡರೆ ಸಾಕು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಮೈಲಿ ನಡೆಯುವ ಹೆಂಗಸಿಗೆ ಅದನ್ನೇ ಕೈ ಚಾಚಿ ಹಿಡಿಯಲು ಹೇಳಿ ನೋಡಿ.

ಉದ್ದದ ಓಟಕ್ಕೆ ಸ್ಕ್ರೂ ಒಗ್ಗದು. ಉದ್ದ ಇಮ್ಮಡಿಯಾದರೆ ಅದು ಹಗ್ಗದಂತೆ ತೊನೆಯತೊಡಗುವ ವೇಗ ಕಾಲುಭಾಗಕ್ಕಿಳಿಯುತ್ತದೆ. ಅಲ್ಲಿ ಬೆಲ್ಟೋ ರ್‍ಯಾಕ್-ಪಿನಿಯನ್ನೋ ಬೇಕು. ಲೀನಿಯರ್ ಮೋಟಾರು ಸೊಗಸೇ, ಆದರೆ ಕಬ್ಬಿಣದ ಚೂರು ಹಾರುವ ಕಡೆ ಮುಚ್ಚಳವಿಲ್ಲದೆ ಇಟ್ಟರೆ ಅದರ ಅಯಸ್ಕಾಂತಗಳು ಕಸ ಗುಡಿಸುತ್ತ ಕೂರುತ್ತವೆ.

ಕೊನೆಯದಾಗಿ ದೂಳು. ಗ್ರಾನೈಟ್ ಕೊಯ್ಯುವ ಶೆಡ್ಡೊಂದರಲ್ಲಿ ವರ್ಷಗಟ್ಟಲೆ ಬಾಳಬೇಕಿದ್ದ ಬ್ಲಾಕು ಏಳೇ ತಿಂಗಳಿಗೆ ಹಟ ಹಿಡಿದು ನಿಂತಿತು. ಹೊರೆಯ ಲೆಕ್ಕ ತಪ್ಪಿರಲಿಲ್ಲ, ನಾನೇ ಕೂತು ಮತ್ತೆ ಮಾಡಿದೆ. ಕಲ್ಲುಪುಡಿಯ ರಾಡಿ ಸೀಲಿನ ಸಂದಿಯಿಂದ ನುಗ್ಗಿ ಗ್ರೀಸನ್ನೇ ಅರೆಯುವ ಮಸಾಲೆ ಮಾಡಿತ್ತು. ವಿನ್ಯಾಸ ಮಾಡಿದವರು ಆ ಶೆಡ್ಡಿಗೆ ಒಮ್ಮೆಯೂ ಹೋಗಿರಲಿಲ್ಲ. ಹೋಗಿದ್ದರೆ, ಹತ್ತು ನಿಮಿಷದಲ್ಲಿ ಅಂಗಿಯ ಮೇಲೆ ಕೂತ ಬಿಳಿಪುಡಿಯೇ ಬೆಲ್ಲೋಸ್ ಹಾಕಿ ಎನ್ನುತ್ತಿತ್ತು.

ಈ ಎರಡು ದಿನ ಪ್ರಬಂಧ ಮಂಡಿಸುವವರಲ್ಲಿ ಒಂದು ವಿನಂತಿ: ಗೆದ್ದ ಯಂತ್ರದ ಜತೆಗೆ ಕೈಕೊಟ್ಟ ಯಂತ್ರವೊಂದನ್ನೂ ಇಲ್ಲಿ ತೆರೆದಿಡಿ. ನನ್ನ ಪಾಲಿನದನ್ನು ತಂದಿದ್ದೇನೆ. ಆ ಗ್ರಾನೈಟ್ ಶೆಡ್ಡಿನ ಬ್ಲಾಕು, ಅದರ ತುಂಡು ರೈಲಿನ ಸಮೇತ, ಬಾಗಿಲ ಬಳಿಯ ಮೇಜಿನ ಮೇಲಿದೆ. ಚಹಾಕ್ಕೆ ಹೋಗುವಾಗ ಕೈಯಿಂದ ಒಮ್ಮೆ ತಳ್ಳಿ ನೋಡಿ.